ಗ್ವೆನ್‌ಗೆ ಸಿಕ್ಕ ಷರತ್ತಿಲ್ಲದ ಸೀಟು

ಹ್ಯಾಲ್ಟನ್‌ಬಿ ಪಟ್ಟಣದಲ್ಲಿ ಯಾವ ತಂದೆಯೂ, ಯಾವ ತಾಯಿಯೂ ಪೂರ್ವಾನುಮತಿ ಇಲ್ಲದೆ ತಮ್ಮ ಮಕ್ಕಳಿಗೆ ಬೆಂಬಲ ನೀಡತಕ್ಕದ್ದಲ್ಲ. ಈ ನಿಯಮ ಜನವರಿಯಿಂದ ಜಾರಿಯಲ್ಲಿದೆ.

ನಿಯಮ ತಂದದ್ದು ಊರಿನ ಶಾಲೆ. ಕಾರಣವೂ ಇತ್ತು. ಹಿಂದಿನ ವರ್ಷ ಮಕ್ಕಳು ವಿಶ್ವವಿದ್ಯಾಲಯಗಳ ಉತ್ತರಕ್ಕೆ ಕಾಯುತ್ತಿದ್ದಾಗ ಪೋಷಕರು ಬೆಂಬಲ ಕೊಟ್ಟೂ ಕೊಟ್ಟೂ ಏಳು ಮಕ್ಕಳು ಅಟ್ಟ ಹತ್ತಿ ಏಣಿ ಮೇಲೆಳೆದುಕೊಂಡಿದ್ದರು. ಒಬ್ಬ ತಾಯಿ ಸ್ನಾನದ ಮನೆಯ ಬಾಗಿಲ ಸಂದಿಯಲ್ಲಿ ದಿನಕ್ಕೆ ಹನ್ನೊಂದು ಚೀಟಿ ತೂರಿಸುತ್ತಿದ್ದರು. ಎಲ್ಲದರಲ್ಲೂ ಒಂದೇ ಮಾತು: 'ಸುದ್ದಿ ಏನಾದರೂ?' ಆದ್ದರಿಂದ ಇನ್ನು ಮುಂದೆ ಪೋಷಕರೂ ಅರ್ಜಿ ಹಾಕಬೇಕು, ಯೋಗ್ಯರಿಗೆ ಮಾತ್ರ ಬೆಂಬಲದ ಸೀಟು, ಎಂದು ಕಾಗದ ಬಂತು. ಯಾರೂ ತಕರಾರು ಮಾಡಲಿಲ್ಲ. ಕಾಗದ ದಪ್ಪಗಿತ್ತು.

ನಾನು ಮಾರುಕಟ್ಟೆಯ ಮೂಲೆಯಲ್ಲಿ ಬೂಟು ರಿಪೇರಿ ಮಾಡುತ್ತೇನೆ. ಕೀಲಿಕೈಯನ್ನೂ ಮಾಡಿಕೊಡುತ್ತೇನೆ. ಓದು ಅಷ್ಟಕ್ಕಷ್ಟೆ. ಮಗಳು ಬ್ರಯನಿಗೆ ಹದಿನೇಳು. ಸೂಲಗಿತ್ತಿಯ ಪದವಿ ಓದಬೇಕು ಅಂತ ಐದು ವಿಶ್ವವಿದ್ಯಾಲಯಗಳಿಗೆ ಬರೆದಿದ್ದಳು. ನನ್ನ ಹೆಂಡತಿ ಗ್ವೆನ್ ಅದೇ ಶಾಲೆಯ ಊಟದ ಮನೆಯಲ್ಲಿ ಬಡಿಸುತ್ತಿದ್ದಳು. ಹಿಂದಿನ ವರ್ಷದ ನವೆಂಬರಿನಲ್ಲಿ ತೀರಿಕೊಂಡಳು. ಅವಳು ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ. ಒಳ್ಳೆ ಸುದ್ದಿ ಬಂದ ದಿನ ಮಾತ್ರ ಎರಡು ಚಮಚ.

ಅರ್ಜಿ ಹನ್ನೆರಡು ಪುಟ. 'ನನ್ನ ಮಗುವನ್ನು ನಾನೇಕೆ ಬೆಂಬಲಿಸಬಯಸುತ್ತೇನೆ' ಎಂದು ನಾಲ್ಕು ಸಾವಿರ ಅಕ್ಷರಗಳಲ್ಲಿ ಬರೆಯಬೇಕಿತ್ತು. ನಾನು ಬರೆದೆ: 'ಅವಳು ನನ್ನ ಮಗಳು.'

ಶಾಲೆಯ ಕಾಯುವಿಕೆ ವಿಭಾಗದ ಮುಖ್ಯಸ್ಥೆ ಶ್ರೀಮತಿ ಪಾಕ್ಲಿಂಗ್ಟನ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಅದನ್ನು ಓದಿದರು. ಮೂರು ಪದಕ್ಕೆ ಬಹಳ ಹೊತ್ತು ಹಿಡಿಯಿತು.

"ಥ್ವೇಟ್ ಅವರೇ, ಇದರಲ್ಲಿ ಉತ್ಸಾಹ ಕಾಣ್ತಿಲ್ಲ."

"ಇದೆ ಮೇಡಂ. ಒಳಗಿದೆ."

"ಒಳಗಿದ್ರೆ ಅಂಕ ಕೊಡೋಕಾಗಲ್ಲ. ಇನ್ನೂ ಮೂರು ಸಾವಿರದ ಒಂಬೈನೂರು ಚಿಲ್ಲರೆ ಅಕ್ಷರ ಬೇಕು."

ಅಲ್ಲೇ ಕೂತು ಬರೆದೆ. ಹೇಳುವುದು ಮುಗಿದಿತ್ತು. ಅದಕ್ಕೆ ಬೂಟಿಗೆ ಹೊಸ ಅಟ್ಟೆ ಕೂರಿಸುವ ಬಗೆ ಬರೆದೆ. ಅಂಟು ಹಚ್ಚಿದ ತಕ್ಷಣ ಒತ್ತಬಾರದು, ಒಣಗುವವರೆಗೆ ಕಾಯಬೇಕು ಎಂಬಲ್ಲಿ ಅವರು ಹಸಿರು ಗೆರೆ ಎಳೆದರು. ಪಕ್ಕದಲ್ಲಿ 'ಕಾದ ಅನುಭವವಿದೆ' ಎಂದು ಬರೆದರು. ಆಮೇಲೆ ಪುಟ ತಿರುಗಿಸಿದರು.

"ಎರಡನೇ ಪೋಷಕರ ಜಾಗ ಖಾಲಿ ಬಿಟ್ಟಿದ್ದೀರಿ."

"ಗ್ವೆನ್ ತೀರಿಕೊಂಡಿದ್ದಾಳೆ. ನಿಮಗೆ ಗೊತ್ತಲ್ಲ ಮೇಡಂ. ಮಣ್ಣಿಗೆ ನೀವೂ ಬಂದಿದ್ರಿ."

"ಬಂದಿದ್ದೆ. ಸ್ಯಾಂಡ್‌ವಿಚ್ ಚೆನ್ನಾಗಿತ್ತು. ಆದ್ರೆ ಕಂಪ್ಯೂಟರು ಬಂದಿರ್ಲಿಲ್ಲ. ಅದು ಖಾಲಿ ಜಾಗ ತಗೊಳ್ಳಲ್ಲ." ಬೆರಳು ಸಿದ್ಧ ಮಾಡಿಕೊಂಡರು. "ತೀರಿಕೊಂಡಿರೋದು ಪೂರ್ಣಾವಧಿಯೋ, ಅರೆಕಾಲಿಕವೋ?"

"ಪೂರ್ಣಾವಧಿ."

"ಸಂಜೆ ಹೊತ್ತು ಸಿಗ್ತಾರಾ?"

"ಯಾವಾಗ ಹೋದ್ರೂ ಸಿಗ್ತಾಳೆ."

"ವಿಳಾಸ?"

"ಚರ್ಚಿನ ಹಿಂದಿನ ಸ್ಮಶಾನ. ಮೂರನೇ ಸಾಲು, ಗೋಡೆ ಕಡೆಯಿಂದ ಎರಡನೇದು."

ಟೈಪು ಮಾಡಿದರು. ಕಂಪ್ಯೂಟರು ತೆಗೆದುಕೊಂಡಿತು.

ಫೆಬ್ರವರಿಯಲ್ಲಿ ತನಿಖೆಯಾಯಿತು. ಶ್ರೀಮತಿ ಪಾಕ್ಲಿಂಗ್ಟನ್ ಶಾಖಮಾಪಕ ಹಿಡಿದು ನಮ್ಮ ಅಡುಗೆಮನೆಯಲ್ಲಿ ಕೂತರು. ಬ್ರಯನಿ ಶಾಲೆಯಿಂದ ಬಂದಳು. ಚಹಾ ಕೊಟ್ಟೆ. ಬಿಸಿ ಸರಿಯಿತ್ತು. ಬಿಸ್ಕತ್ತೂ ಸರಿಯಿತ್ತು. ನಾನು ಏನೂ ಕೇಳಲಿಲ್ಲ. ಅವಳು ಮೆಟ್ಟಿಲು ಹತ್ತಿ ಹೋದಳು.

"ಕೇಳಿದ್ರಿ," ಎಂದರು.

"ಬಾಯೇ ಬಿಟ್ಟಿಲ್ಲ ಮೇಡಂ."

"ಹುಬ್ಬು. ಎಡಗಡೇದು. ಎರಡು ಸಲ." ಪುಸ್ತಕ ತೆಗೆದು ಓದಿದರು. "ನಿಯಮ ಒಂಬತ್ತು. ಪೋಷಕರು ಬಾಯಿಯಿಂದಾಗಲಿ, ಹುಬ್ಬಿನಿಂದಾಗಲಿ, ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮುವುದರಿಂದಾಗಲಿ ಸುದ್ದಿ ವಿಚಾರಿಸತಕ್ಕದ್ದಲ್ಲ."

ಬೆಳಿಗ್ಗೆ ಕೆಮ್ಮಿದ್ದೆ. ಅವರು ನೋಡಿರಲಿಲ್ಲ.

ಮರುದಿನ ಗ್ವೆನ್‌ಳ ತನಿಖೆ. ಮಡಿಸುವ ಕುರ್ಚಿ ಹಾಕಿಕೊಂಡು, ಜಿನುಗು ಮಳೆಯಲ್ಲಿ, ಒಂದು ಗಂಟೆ ಕೂತು ನೋಡಿದರಂತೆ. ವಾರದಲ್ಲಿ ಎರಡು ಕಾಗದ ಬಂದವು.

'ಶ್ರೀಮತಿ ಗ್ವೆನ್ ಥ್ವೇಟ್ ಅವರಿಗೆ. ತನಿಖೆಯ ಅವಧಿಯಲ್ಲಿ ತಾವು ಸುದ್ದಿ ಇದೆಯೇ ಎಂದು ಒಮ್ಮೆಯೂ ವಿಚಾರಿಸಿರುವುದಿಲ್ಲ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿರುವುದಿಲ್ಲ. ನಮ್ಮ ಕಾಲದಲ್ಲಿ ಎಂದು ಆರಂಭಿಸಿರುವುದಿಲ್ಲ. ಇಂಥ ಸಂಯಮವನ್ನು ವಿಭಾಗವು ಹಿಂದೆಂದೂ ಕಂಡಿಲ್ಲ. ತಮಗೆ ಷರತ್ತಿಲ್ಲದ ಸೀಟು ನೀಡಲು ಹರ್ಷಿಸುತ್ತೇವೆ.'

ನನ್ನದು ಗಿಡ್ಡ ಕಾಗದ. ಷರತ್ತಿನ ಸೀಟು. ಮೇ ಮೂವತ್ತೊಂದರವರೆಗೆ ಬಾಯಿ, ಹುಬ್ಬು, ಕೆಮ್ಮು ಮೂರೂ ಹತೋಟಿಯಲ್ಲಿರಬೇಕು. ತಪ್ಪಿದಲ್ಲಿ ಎರಡೂ ಸೀಟು ರದ್ದಾಗಿ, ಮಗುವನ್ನು ಉಳಿಕೆ ಪಟ್ಟಿಗೆ ಸೇರಿಸಿ ಸ್ಥಳಾವಕಾಶವಿರುವ ಪೋಷಕರಿಗೆ ಹಂಚಲಾಗುವುದು.

ಸ್ಥಳಾವಕಾಶ ಇದ್ದದ್ದು ಪಕ್ಕದ ಮನೆಯ ರೋಜರ್ ಹಿಬ್ಬರ್ಟ್‌ಗೆ. ಅವನಿಗೆ ಟ್ಯಾಮ್ಸಿನ್ ಅಂತ ಮಗಳು, ಗೋಡೆ ತುಂಬ ವೇಳಾಪಟ್ಟಿ, ಕುತ್ತಿಗೆಯಲ್ಲಿ ಒಂದು ಸೀಟಿ. ಬೇಲಿಯ ಆಚೆಯಿಂದ ತಲೆ ಎತ್ತಿದ.

"ಏನಯ್ಯಾ ಥ್ವೇಟ್, ನಿನ್ನ ಮಗಳಿಗೆ ಮೊಟ್ಟೆ ಹೆಂಗಿರ್ಬೇಕು? ಬೇಯಿಸಿದ್ದೋ, ಹುರಿದದ್ದೋ?"

"ಅವಳು ಎಲ್ಲೂ ಹೋಗಲ್ಲ."

"ಸುಮ್ನೆ ಕೇಳಿದೆ ಕಣಯ್ಯಾ. ಹಿಂದಿನ ಕೋಣೆಗೆ ಹಳದಿ ಬಣ್ಣ ಹೊಡೆದಿದ್ದೀನಿ."

ಅವತ್ತು ನಾನು ಅಂಗಡಿಗೆ ಹೋಗಿ ನನ್ನ ಟೋಪಿಯ ಒಳಗೆ ಒಂದು ಬೆರಳಗಲದ ಚರ್ಮದ ಪಟ್ಟಿ ಹೊಲಿದೆ. ಹುಬ್ಬಿನ ಮೇಲೆ ಬಿಗಿಯಾಗಿ ಕೂರುವ ಹಾಗೆ. ಆಮೇಲೆ ಟೋಪಿ ತೆಗೆಯಲಿಲ್ಲ. ಊಟಕ್ಕೂ ತೆಗೆಯಲಿಲ್ಲ.

ಸಿಕ್ಕ ಸೀಟುಗಳಲ್ಲಿ ಮಗು ಒಂದನ್ನು ಮೊದಲ ಆಯ್ಕೆಯಾಗಿ, ಇನ್ನೊಂದನ್ನು ಅದು ಕೈತಪ್ಪಿದರೆ ಇರಲಿ ಎಂಬ ಆಪತ್ತಿನ ಆಯ್ಕೆಯಾಗಿ ಗುರುತು ಮಾಡಬೇಕಿತ್ತು. ಬ್ರಯನಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಪೆನ್ನಿನ ತುದಿ ಕಚ್ಚಿದಳು.

"ಅಪ್ಪ, ಮೊದಲನೇದು ಅಮ್ಮ ಅಂತ ಹಾಕಿದೀನಿ. ನೀನು ಆಪತ್ತಿನದು. ಬೇಜಾರಾ?"

"ಇಲ್ಲ. ನಾನಾಗಿದ್ರೂ ಹಂಗೇ ಹಾಕ್ತಿದ್ದೆ."

"ಅಮ್ಮ ಇದ್ದಿದ್ರೆ ಹದಿನಾಲ್ಕು ನಿಯಮಾನೂ ಮುರೀತಿದ್ಲು."

"ಹೂಂ. ತಿಂಡಿಗೆ ಮುಂಚೆ."

ಅವಳು ನಕ್ಕಳು. ನನ್ನ ಟೋಪಿಯ ಮೇಲೆ ಕೈಯಿಟ್ಟು ಎದ್ದು ಹೋದಳು.

ಅಂದಿನಿಂದ ದಿನಾ ಸಂಜೆ ಐದಕ್ಕೆ ಅವಳು ಬೆಂಬಲ ಪಡೆಯಲು ಸ್ಮಶಾನಕ್ಕೆ ಹೋಗುತ್ತಿದ್ದಳು. ಆಪತ್ತಿನ ಪೋಷಕ ಒಂಬತ್ತು ಹೆಜ್ಜೆ ದೂರ ನಿಲ್ಲಬೇಕು. ನಿಂತೆ. ಕೈಯಲ್ಲಿ ಚಹಾದ ಫ್ಲಾಸ್ಕು.

ಮೂರನೇ ದಿನ ಒಬ್ಬ ಹೆಂಗಸು ಹೂವಿಗೆ ನೀರು ಹಾಕುವ ಡಬ್ಬಿ ಹಿಡಿದು ಬ್ರಯನಿಯ ಹಿಂದೆ ನಿಂತರು. ನಲ್ಲಿಗೆ ಸಾಲು ಅಂದುಕೊಂಡರಂತೆ. ಅವರ ಹಿಂದೆ ಇಬ್ಬರು ಬಂದರು. ನಮ್ಮ ಕಡೆ ಸಾಲು ಕಂಡರೆ ನಿಲ್ಲುತ್ತಾರೆ. ಯಾತಕ್ಕೆ ಅಂತ ಕೇಳುವುದು ಮರ್ಯಾದೆಯಲ್ಲ. ವಾರದೊಳಗೆ ಸಾಲು ಗೇಟು ಮುಟ್ಟಿತು. ಅದರಲ್ಲಿ ಶಾಲೆಯ ಮಕ್ಕಳೂ ಇದ್ದರು. ತುದಿಗೆ ಬಂದಾಗಲೇ ಅವರಿಗೆ ಕಲ್ಲಿನ ಮೇಲಿನ ಹೆಸರು ಕಂಡದ್ದು.

"ಕಸ್ಟರ್ಡ್ ಎರಡು ಸೌಟು ಹಾಕ್ತಿದ್ರಲ್ಲ, ಆ ಗ್ವೆನ್ ಆಂಟೀನಾ?" ಎಂದು ಒಬ್ಬಳು ಕೇಳಿದಳು.

"ಅವಳೇ," ಎಂದೆ.

"ಹಂಗಾದ್ರೆ ನಿಂತಿರ್ತೀನಿ ಬಿಡಿ."

ಮಕ್ಕಳು ಬಂದು ತಮ್ಮ ಕಷ್ಟ ಹೇಳಿಕೊಂಡರು. ಗ್ವೆನ್ ಯಾರಿಗೂ ಬುದ್ಧಿ ಹೇಳಲಿಲ್ಲ. ಎಲ್ಲರಿಗೂ ಹಿತವಾಯಿತು. ಪುರಸಭೆ ಫಲಕ ನೆಟ್ಟಿತು: 'ಒಬ್ಬರಿಗೆ ಆರು ನಿಮಿಷ. ಅಳುವವರಿಗೆ ಎಂಟು.' ಇದು ನ್ಯಾಯ ಎಂದು ಎಲ್ಲರೂ ಒಪ್ಪಿದರು.

ಏಪ್ರಿಲಿನಲ್ಲಿ ಸಾಲಿನಲ್ಲಿ ಹಿಬ್ಬರ್ಟ್ ಕಂಡ. ಸೀಟಿ ಜೇಬಿನಲ್ಲಿತ್ತು.

"ನೀನ್ಯಾಕಯ್ಯಾ ಇಲ್ಲಿ?"

"ಟ್ಯಾಮ್ಸಿನ್‌ನ ಹುಡುಕ್ಕೊಂಡು ಬಂದೆ. ಬಂದ್ಮೇಲೆ ಸಾಲು ಬಿಡೋಕಾಗತ್ತಾ?" ಸರದಿ ಬಂದಾಗ ಕಲ್ಲಿನ ಮುಂದೆ ಆರು ನಿಮಿಷ ನಿಂತ. ಏನು ಹೇಳಿದನೋ ಗೊತ್ತಿಲ್ಲ. ಮರುದಿನ ವೇಳಾಪಟ್ಟಿ ಅವನ ಕಸದ ಬುಟ್ಟಿಯಲ್ಲಿತ್ತು.

ಅಷ್ಟರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳು ಬೇಡ ಎಂದಿದ್ದವು. ನನಗೆ ಯಾರೂ ಹೇಳಲಿಲ್ಲ. ನಾಲ್ಕು ಸಲ ಅವಳು ಚಹಾ ಕುಡಿಯದೆ ಸಿಂಕಿಗೆ ಸುರಿದಳು. ನಾಲ್ಕು ಸಲವೂ ನಾನು ಹೊರಗೆ ಹೋಗಿ ಕಿಟಕಿ ಒರೆಸಿದೆ. ಗಾಜು ಬಹಳ ಸ್ವಚ್ಛವಾಯಿತು.

ಮೇ ಹದಿನಾಲ್ಕು. ಸಂಜೆ ಐದು ಹತ್ತು. ಕಲ್ಲಿನ ಮುಂದೆ ನಿಂತಿದ್ದ ಬ್ರಯನಿಯ ಫೋನು ಗುಂಯ್ ಎಂದಿತು. ಐದನೆಯದು. ಕೊನೆಯದು.

ಸಾಲಿನವರೆಲ್ಲ ನನ್ನ ಹಣೆಯ ಕಡೆ ತಿರುಗಿದರು. ಶ್ರೀಮತಿ ಪಾಕ್ಲಿಂಗ್ಟನ್ ಮಡಿಸುವ ಕುರ್ಚಿಯಿಂದ ದುರ್ಬೀನು ಎತ್ತಿದರು.

ಅವಳು ಓದಿದಳು. ಬಗ್ಗಿ ಕಲ್ಲಿಗೆ ಏನೋ ಹೇಳಿದಳು. ಅತ್ತಳು. ಅಳುವುದರಿಂದ ಏನೂ ತಿಳಿಯುವುದಿಲ್ಲ. ಎರಡಕ್ಕೂ ಅಳುತ್ತಾರೆ. ಆರು ನಿಮಿಷವಾಯಿತು. ಎಂಟೂ ಆಯಿತು. ಒಂಬತ್ತಾದರೂ ಸಾಲಿನಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ನನ್ನ ಎಡಹುಬ್ಬು ಟೋಪಿಯನ್ನು ಒತ್ತಿತು. ಬಲಹುಬ್ಬೂ ಒತ್ತಿತು. ಪಟ್ಟಿ ಅಲುಗಲಿಲ್ಲ. ಎತ್ತಿನ ಚರ್ಮ ಅದು.

ಅವಳು ಒಂಬತ್ತು ಹೆಜ್ಜೆ ನಡೆದು ಬಂದಳು.

"ಅಪ್ಪ, ಚಹಾ ಕೊಡು."

ಬಗ್ಗಿಸಿ ಕೊಟ್ಟೆ.

"ಸಕ್ಕರೆ ಇದೆಯಾ?"

ಇತ್ತು. ಫೆಬ್ರವರಿಯಿಂದ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡಿದ್ದೆ.

"ಎಷ್ಟು?"

"ಎರಡು ಚಮಚ."

ಹಾಕಿದೆ. ಕಲಕಿದೆ. ಕರಗಿದ ಮೇಲೂ ಕಲಕಿದೆ.

ಶ್ರೀಮತಿ ಪಾಕ್ಲಿಂಗ್ಟನ್ ಓಡಿ ಬಂದರು. ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು.

"ಸಕ್ಕರೆ ವಿಚಾರ ಇದರಲ್ಲಿ ಇಲ್ಲ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ಮಳೆ ಇರಲಿಲ್ಲ. "ಮುಂದಿನ ವರ್ಷ ಸೇರಿಸ್ಬೇಕು."

ಹದಿನೇಳು ದಿನ ಇನ್ನೂ ಇತ್ತು. ಟೋಪಿ ಹಾಕಿಕೊಂಡೇ ಕಳೆದೆ. ಜೂನ್ ಒಂದರ ಬೆಳಿಗ್ಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟು ಬಾಯಿ ಬಿಟ್ಟು ಕೇಳಿದೆ.

"ಸುದ್ದಿ ಏನಾದ್ರೂ?"

"ಸೀಟು ಸಿಕ್ಕಿದೆ ಅಪ್ಪ. ಅಂಕದ ಷರತ್ತಿದೆ."

"ಹೌದಾ!" ಎಂದೆ. ಎರಡೂ ಹುಬ್ಬು ಎತ್ತಿದೆ. "ನನಗೂ ಇತ್ತು ಷರತ್ತು. ಆಗತ್ತೆ ಬಿಡು."

ಆಗಸ್ಟಿನಲ್ಲಿ ಅದೂ ಆಯಿತು. ಸೆಪ್ಟೆಂಬರಿನಲ್ಲಿ ಅವಳನ್ನು ರೈಲು ಹತ್ತಿಸಿ ಬಂದೆ. ಮನೆಯಲ್ಲಿ ದಪ್ಪ ಕಾಗದ ಕಾದಿತ್ತು. ಶ್ರೀಮತಿ ಗ್ವೆನ್ ಅವರನ್ನು ಮುಂದಿನ ವರ್ಷಕ್ಕೂ ಮುಂದುವರಿಸಲಾಗಿದೆ, ನಲವತ್ತಮೂರು ಮಕ್ಕಳು ಅವರನ್ನೇ ಮೊದಲ ಆಯ್ಕೆ ಮಾಡಿದ್ದಾರೆ, ಬದುಕಿರುವ ಪೋಷಕರು ಆ ಮಟ್ಟ ಮುಟ್ಟಲು ಶ್ರಮಿಸತಕ್ಕದ್ದು, ಎಂದಿತ್ತು. ಕೆಳಗೆ ನನ್ನ ವಿಚಾರ. 'ಅವರ ಪಕ್ಕದ ಜಾಗ ತಮ್ಮ ಹೆಸರಿನಲ್ಲಿ ಕಾದಿರಿಸಿರುವುದು ಸ್ಮಶಾನದ ದಾಖಲೆಯಿಂದ ತಿಳಿದುಬಂದಿದೆ. ಸೇರಿದ ದಿನದಿಂದ ತಮಗೂ ಷರತ್ತಿಲ್ಲದ ಸೀಟು ಮಂಜೂರಾಗಿದೆ. ಸೇರುವ ದಿನಾಂಕ ತಿಳಿಸತಕ್ಕದ್ದು.'

ಎರಡು ದಿನ ಯೋಚಿಸಿ ಬರೆದೆ: 'ಸದ್ಯಕ್ಕೆ ಆಗುವುದಿಲ್ಲ. ರಜೆಗೆ ಬಂದಾಗ ಮಗಳನ್ನು ಸ್ಟೇಷನ್ನಿನಿಂದ ಕರೆತರಲು ಬೇರೆ ಯಾರೂ ಇಲ್ಲ.'

ಉತ್ತರ ಬೇಗ ಬಂತು. ಕಾರಣ ಸಮಂಜಸವಾಗಿರುವುದರಿಂದ ಪ್ರವೇಶವನ್ನು ಮೂರು ವರ್ಷ ಮುಂದೂಡಲಾಗಿದೆ. ಮತ್ತೆ ಮುಂದೂಡಬೇಕಾದಲ್ಲಿ ಹೊಸ ಅರ್ಜಿ ಹಾಕತಕ್ಕದ್ದು. ಫ್ಲಾಸ್ಕನ್ನು ತಾವೇ ತರತಕ್ಕದ್ದು.

ಕಾಗದ ಗ್ವೆನ್‌ಗೆ ತೋರಿಸೋಣ ಅಂತ ಹೋದೆ. ಮುಂದೆ ಹದಿನಾಲ್ಕು ಜನ ಇದ್ದರು. ಗಂಡನಾದರೂ ಸಾಲು ಸಾಲೇ. ನಿಂತೆ. ಸರದಿ ಬಂದಾಗ ಟೋಪಿ ತೆಗೆದು ಕಾಗದ ಪೂರ್ತಿ ಓದಿ ಹೇಳಿದೆ. ಗ್ವೆನ್ ಏನೂ ಕೇಳಲಿಲ್ಲ.

ಎಂಟು ನಿಮಿಷ ತೆಗೆದುಕೊಂಡೆ.