ಹುಣಸೆಹಣ್ಣಿನಲ್ಲಿ ತೊಳೆದ ಅಲಾರಂ

ಟ್ಯಾಂಕ್ ತುಂಬಿತೋ ಇಲ್ಲವೋ ಎಂದು ನೋಡಲು ದಿನಾ ಬೆಳಿಗ್ಗೆ ಮೂವತ್ತೆಂಟು ಮೆಟ್ಟಿಲು ಹತ್ತುವ ನನ್ನ ಮಂಡಿಗಳ ಕಷ್ಟವನ್ನು ಯಾರಿಗೆ ಹೇಳಲಿ? ಅದಕ್ಕೇ, ಕುಣಿಗಲ್‌ನಿಂದ ಮಾವ ಮಹಾದೇವಯ್ಯನವರು ನಮ್ಮ ತುಮಕೂರಿನ ಮನೆಗೆ ಬಂದ ದಿನವೇ ಘೋಷಿಸಿಬಿಟ್ಟೆ: ಟ್ಯಾಂಕ್ ತುಂಬಿದೊಡನೆ ಕೂಗುವ ಅಲಾರಂ ಒಂದನ್ನು ಸ್ವಹಸ್ತದಿಂದ ನಿರ್ಮಿಸುತ್ತೇನೆ. (ನಾನು ಗುಬ್ಬಿಯ ಕಚೇರಿಯೊಂದರಲ್ಲಿ ಗುಮಾಸ್ತ. ಆದರೆ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದ್ದೆ.)

"ಬೆಸುಗೆಗೆ ಯಾವ ಫ್ಲಕ್ಸ್ ತಂದಿದೀರಿ?" ಎಂದಳು ನನ್ನವಳು, ಉಮಾಮಹೇಶ್ವರಿ. ಇಲ್ಲೇ ಊರಂಚಿನ ಸತ್ಯಮಂಗಲದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವುದೇ ಅವಳ ಉದ್ಯೋಗ. ಹಾಗಂತ ಗಂಡನಾದವನು ಅವಳನ್ನು ಕೇಳಲಾದೀತೇ? ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಆ ಫ್ಲಕ್ಸಿನ ಡಬ್ಬಿ ತೋರಿಸಿದೆ.

"ರೀ, ಇದು ತಗಡು ಬೆಸೆಯೋ ಆಸಿಡ್ ಪೇಸ್ಟು. ತಾಮ್ರಾನ ತಿಂದಾಕ್ಬಿಡ್ತದೆ. ಬೋರ್ಡಿಗೆ ರಾಳದ ಫ್ಲಕ್ಸೇ ಆಗ್ಬೇಕು. ಆಮೇಲೆ ಸ್ಪಿರಿಟ್ ಹಾಕಿ ಬ್ರಷ್‌ನಲ್ಲಿ ತೊಳೀಬೇಕು."

"ಅಂಗಡಿಯವ್ನೇ ಇದು ಸ್ಟ್ರಾಂಗು ಅಂದವ್ನೆ. ನೀನು ಸುಮ್ನಿರು."

ಬೆಸುಗೆ ಸಲೀಸಾಗಿ ಹಿಡಿಯಿತು. ಬೋರ್ಡಿನ ಮೇಲೆ ಮಾತ್ರ ಅಂಟಂಟಾದ ಜಿಡ್ಡು. ತಾಮ್ರ ತಾನೇ ಎಂದುಕೊಂಡು ಅಡುಗೆಮನೆಗೆ ನುಗ್ಗಿ ಹುಣಸೆಹಣ್ಣಿಗೆ ಉಪ್ಪು ಬೆರೆಸಿ, ದೇವರಮನೆಯ ತಂಬಿಗೆ ಬೆಳಗುವಂತೆ ತಿಕ್ಕಿದೆ. ಬೋರ್ಡು ಫಳಫಳ ಹೊಳೆಯಿತು. ನನಗೆ ಹೆಮ್ಮೆಯಿಂದ ನಿದ್ದೆಯೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅಲಾರಂ ಜೋಡಿಸಿ ಮೋಟಾರ್ ಹಾಕಿದೆ. ಎರಡೇ ನಿಮಿಷಕ್ಕೆ ಅದು ಕೀಂ ಎಂದಿತು. ಇಷ್ಟು ಬೇಗ ತುಂಬಿತೇ ಎಂದು ಮೋಟಾರಿಗೂ ಒಂದು ಶಹಬ್ಬಾಸ್ ಹೇಳಿ ಆಫ್ ಮಾಡಿದೆ. ಕೂಗು ನಿಲ್ಲಲಿಲ್ಲ, ಇರಲಿ, ಅದಕ್ಕೂ ಸಂತೋಷವಾಗಿರಬೇಕು. ಮಾವನವರನ್ನು ಸ್ನಾನಕ್ಕೆ ಕಳಿಸಿದೆ.

"ಅಳಿಯಂದಿರೇ," ಬಚ್ಚಲಿನಿಂದ ದನಿ ಬಂತು, "ನೀರು ನಿಂತೋಯ್ತಲ್ಲ. ಕಣ್ಣೆಲ್ಲಾ ಸೋಪು."

ಮೂವತ್ತೆಂಟು ಮೆಟ್ಟಿಲನ್ನೂ ಓಡಿ ಹತ್ತಿದೆ. ಟ್ಯಾಂಕ್ ಬರಿದೋ ಬರಿದು.

ಕೆಳಗಿಳಿದಾಗ ಉಮಾ ಬೋರ್ಡನ್ನು ಮಗುಚಿ ನೋಡುತ್ತಿದ್ದಳು. ಅದರ ತುಂಬೆಲ್ಲ ಹಸಿರು ಕಿಲುಬು. "ಆಸಿಡ್ ಸಾಲ್ದು ಅಂತ ಹುಳಿ, ಉಪ್ಪು ಬೇರೆ. ನೀರು ತಾಗಿದಾಗ ಮಾತ್ರ ಹರೀಬೇಕಾದ ಕರೆಂಟು ಎಲ್ಲೆಂದರಲ್ಲಿ ಹರೀತಾ ಅದೆ. ಇದು ಕೂಗೋಕೆ ನೀರೇ ಬೇಕಿಲ್ಲ ಬುಡಿ."

ಅವಳು ರಾಳದ ಫ್ಲಕ್ಸ್‌ನಲ್ಲಿ ಹೊಸ ಬೋರ್ಡು ಬೆಸೆದು, ಸ್ಪಿರಿಟ್‌ನಲ್ಲಿ ತೊಳೆದು ಮುಗಿಸಲು ಅರ್ಧ ಗಂಟೆ ಸಾಕಾಯಿತು. ಕೆಂಗಣ್ಣಿನ ಮಾವನವರು ನನ್ನ ಹಳೆಯ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಳಿಯಂದಿರ ಕೈಯಲ್ಲಿ ತಿಕ್ಕೋ ಗುಣ ಅದೆ ಕಣಮ್ಮ. ದೇವರಮನೆ ಪಾತ್ರೆ ಇನ್ಮೇಲೆ ಅವರಿಗೇ ಬುಟ್ಬುಡು."

ಈಗ ದಿನಾ ಬೆಳಿಗ್ಗೆ ಟ್ಯಾಂಕ್ ತುಂಬಿ ಅಲಾರಂ ಕೂಗುತ್ತದೆ. ನಾನು ಮೆಟ್ಟಿಲು ಹತ್ತಬೇಕಿಲ್ಲ. ಸೋಮವಾರವಂತೂ ಹತ್ತುತ್ತೇನೆಂದರೂ ಬಿಡುವವರಿಲ್ಲ, ದೇವರಮನೆ ಪಾತ್ರೆ ಬೆಳಗುವ ಎರಡು ಕೈಗೂ ಹುಣಸೆಹುಳಿ.