ಬಲೆ ಹೊದ್ದ ಫ್ರಿಜ್

ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಮಾಡುವವನಲ್ಲ ನಾನು. ತಾರೀಕು ಹಾಕಿ ದಿನಚರಿ ಬರೆಯುತ್ತೇನೆ. ಹಾಗಾಗಿ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಬೇಕು, ತಡ ಮಾಡಬಾರದು ಎಂದು ಡಾಕ್ಟರ್ ಹೇಳಿದಾಗಲೂ ಮನೆಯವರಿಗೆ ಧೈರ್ಯ ಹೇಳಿದ್ದು ನಾನೇ. ಬಿಪಿಎಲ್ ರೇಷನ್ ಕಾರ್ಡ್ ಇತ್ತು. ಅದರ ಮೇಲೆ ಸರ್ಕಾರದ ಆರೋಗ್ಯ ಕಾರ್ಡ್ ಆದರೆ ಚಿಕಿತ್ಸೆ ಉಚಿತ. ಅರ್ಜಿ ಹಾಕಿ ಬಂದೆ.

ಮಂಗಳವಾರ ಕಾರ್ಡಿನ ಕಚೇರಿಯಿಂದ ಫೋನ್ ಬಂತು. "ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೇವೆ. ಅಪ್ಪ ಮನೆಯಲ್ಲೇ ಇರ್ಲಿ." ಅಷ್ಟೇ ಹೇಳಿ ಇಟ್ಟುಬಿಟ್ಟರು.

ಸಂಜೆ ಬಂದರಿನಿಂದ ನಮ್ಮೂರು ಬೆಂಗ್ರೆಗೆ ಬರುವ ಫೆರಿ ದೋಣಿಯಲ್ಲಿ ಇಬ್ಬರು ಮಾತಾಡುತ್ತಿದ್ದರು. "ಬಿಪಿಎಲ್‌ನವರ ಮನೆಯೊಳಗೆ ಬಂದು ನೋಡ್ತಾರಂತೆ. ಫ್ರಿಜ್ ಉಂಟು, ದೊಡ್ಡ ಟೀವಿ ಉಂಟು ಅಂತ ಬರ್ಕೊಂಡು ಹೋಗ್ತಾರೆ. ಮತ್ತೆ ಕಾರ್ಡು ಹೋಯ್ತು."

ಮಸ್ಕತ್‌ನಲ್ಲಿರುವ ಮಾವ ಕೊಡಿಸಿದ ಫ್ರಿಜ್ಜೂ ಟೀವಿಯೂ ನಮ್ಮ ಮನೆಯಲ್ಲಿದ್ದವು. ಇಷ್ಟು ವರ್ಷ ಅವುಗಳನ್ನು ನೋಡಿ ಹೆಮ್ಮೆಪಟ್ಟವನು ಆ ರಾತ್ರಿ ಕಳ್ಳಮಾಲು ನೋಡಿದ ಹಾಗೆ ನೋಡಿದೆ. ಕಾರ್ಡ್ ಹೋದರೆ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಬುಧವಾರ ಬೆಳಗಾಗುತ್ತಲೇ ಯೋಜನೆ ಜಾರಿಗೆ ಬಂತು. ಟೀವಿ ಮಂಚದಡಿಗೆ. ಟ್ಯೂಬ್‌ಲೈಟ್ ಇಳಿಸಿ ಮಂದ ಬಲ್ಬು. ಫ್ರಿಜ್ಜನ್ನು ಪಕ್ಕದ ಮನೆಗೆ ಸಾಗಿಸಲು ಆ ಮನೆಯ ಹಮೀದ್‌ಕ ಕೈಜೋಡಿಸಿದರು. ಅರ್ಧ ದಾರಿಯಲ್ಲಿ ಅವರು ತಟ್ಟನೆ ನಿಂತರು.

"ಮಾರಾಯ, ನಮ್ಮದೂ ಬಿಪಿಎಲ್ ಅಲ್ವಾ? ನಿಮ್ಮದು ನಮ್ಮಲ್ಲಿ ಸಿಕ್ಕಿದ್ರೆ ನನಗೆ ಎರಡು ಫ್ರಿಜ್ ಆಗ್ತದೆ."

ಈ ಅಪಾಯ ನನ್ನ ಯೋಜನೆಯಲ್ಲಿ ಇರಲಿಲ್ಲ. ಫ್ರಿಜ್ಜನ್ನು ಅಂಗಳದ ಮೂಲೆಗೆ ಒಯ್ದು ಅಪ್ಪನ ಹಳೇ ಬಲೆ ಹೊದಿಸಿದೆವು. ಒಳಗೆ ಬಂಗುಡೆ ಮೀನು ಇದ್ದದ್ದು ಮೊದಲು ಗೊತ್ತಾದದ್ದು ಬೆಕ್ಕುಗಳಿಗೆ.

ಜಗಲಿಯಲ್ಲಿ ಕೂತಿದ್ದ ಅಪ್ಪ ಎದೆ ಮೇಲೆ ಕೈಯಿಟ್ಟುಕೊಂಡರು. ನಾನು ಓಡಿದೆ.

"ನೋವಾ ಅಪ್ಪ?"

"ಇಲ್ಲ ಮಗ. ನಿನ್ನನ್ನು ನೋಡಿ ಹೆದರಿಕೆ ಆಗ್ತದೆ."

ಬಂದವರು ನಮ್ಮದೇ ವಠಾರದ ಆಶಾ ಕಾರ್ಯಕರ್ತೆ ಶೋಭಕ್ಕ. ಕೈಯಲ್ಲಿ ಒಂದು ಮೊಬೈಲು. ಅಪ್ಪನ ಮುಖವನ್ನು ಮೊಬೈಲಿಗೆ ತೋರಿಸಿದರೆ ಕಾರ್ಡ್ ಆಯಿತು, ಬೇರೆ ಎಂತದ್ದೂ ಇಲ್ಲ ಎಂದರು.

ಮೊಬೈಲು ಒಪ್ಪಲಿಲ್ಲ. ಬೆಳಕು ಸಾಲದಂತೆ.

"ಟ್ಯೂಬ್‌ಲೈಟ್ ಹಾಕಿ," ಎಂದರು ಶೋಭಕ್ಕ. ಅಪ್ಪ, ಅಮ್ಮ, ನಾನು ಮೂವರೂ ತಲೆಯೆತ್ತಿ ಖಾಲಿ ಮಾಡಿನ ಕಡೆ ನೋಡಿದೆವು.

"ಹಾಗಾದ್ರೆ ಅಂಗಳಕ್ಕೆ ಬನ್ನಿ."

ಅಂಗಳ ಬೇಡ, ಬಿಸಿಲು, ಅಪ್ಪನಿಗೆ ಆಗುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತೆ. ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದರು. ಹೊರಗೆ ಮೊಬೈಲು ಅಪ್ಪನಿಗೆ ಕಣ್ಣು ಮಿಟುಕಿಸಲು ಹೇಳಿತು. ಹೆದರಿದ ಅಪ್ಪ ಕಣ್ಣು ಇನ್ನಷ್ಟು ಅಗಲ ಮಾಡಿದರು.

"ಒಮ್ಮೆ ಮುಚ್ಚಿ ಬಿಡಿ ಮಾರಾಯ್ರೆ," ಎಂದರು ಅಮ್ಮ. "ಸೀರಿಯಲ್ ನೋಡುವಾಗ ಇಡೀ ಹೊತ್ತು ಮುಚ್ಚಿಕೊಂಡೇ ಇರ್ತೀರಲ್ಲ."

ಅಷ್ಟರಲ್ಲಿ ಬೆಕ್ಕುಗಳು ಬಲೆ ಎಳೆದವು. ಬಿಸಿಲಿನಲ್ಲಿ ಫ್ರಿಜ್ ಬೆಳ್ಳಗೆ ಹೊಳೆಯಿತು. ಮುಗಿಯಿತು, ಅಪ್ಪನನ್ನು ನಾನೇ ಕೈಯಾರೆ ಕಳಕೊಂಡೆ ಎಂದುಕೊಂಡೆ.

ಶೋಭಕ್ಕ ಹತ್ತಿರ ಹೋಗಿ ನೋಡಿದರು. "ಇದು ಎಂತ, ಮಾರ್ಲಿಕ್ಕೆ ಇಟ್ಟದ್ದಾ? ಮಾರ್ಬೇಡಿ. ಪೋಲಿಯೋ ದಿನ ನಾನು ಐಸ್ ಎಲ್ಲಿ ಇಡುದು?"

ಪ್ರತಿ ಸಲ ಅವರ ಐಸ್ ಪ್ಯಾಕ್‌ಗಳನ್ನು ಒಳಗಿಟ್ಟು, ತೆಗೆದು ಕೊಡುವವನು ನಾನೇ; ಹೆದರಿಕೆಯಲ್ಲಿ ಅದೇ ಮರೆತಿತ್ತು.

ತಡವರಿಸುತ್ತಾ ವಿಷಯ ಹೇಳಿದೆ. "ಫ್ರಿಜ್ ನೋಡಿ ಕಾರ್ಡ್ ತೆಗೆಯುವುದಾದ್ರೆ ಬೆಂಗ್ರೆಯಲ್ಲಿ ಯಾರಿಗೂ ಕಾರ್ಡ್ ಇರ್ಲಿಕ್ಕಿಲ್ಲ," ಎಂದು ಅವರು ನಕ್ಕರು. ಆ ನಗುವಿಗೆ ಅಪ್ಪನೂ ನಕ್ಕರು, ಕಣ್ಣು ಮಿಟುಕಿತು. ಮೊಬೈಲು ಒಪ್ಪಿಕೊಂಡಿತು.

ಸ್ಟೆಂಟ್ ಹಾಕಿ ಆಯಿತು. ಅಪ್ಪ ಈಗ ದಿನಾ ಸಂಜೆ ಫೆರಿ ಕಟ್ಟೆಯವರೆಗೆ ನಡೆದು ಬರುತ್ತಾರೆ. ಫ್ರಿಜ್ಜನ್ನು ವಾಪಸು ಒಳಗಿಡುವಾಗ ಸೊಂಟ ಹಿಡಿದು ಮಲಗಿದ ನಾನು ಮಾತ್ರ ಇನ್ನೂ ಸರಿಯಾಗಿ ಎದ್ದಿಲ್ಲ.

ನಿನ್ನೆ ಶೋಭಕ್ಕನ ಫೋನ್. "ನಿಮ್ಮ ಹೆಸರಿನ ಕಾರ್ಡೂ ಮಾಡುವ. ನಾಳೆ ಮನೆಗೆ ಬರ್ತೇನೆ."

ಆಗಲಿ ಎಂದೆ. ಎಲ್ಲ ಗೊತ್ತಿದ್ದೂ, ಮಲಗಿದಲ್ಲಿಂದಲೇ ಒಮ್ಮೆ ಟೀವಿಯ ತೂಕ ಅಂದಾಜು ಮಾಡಿದೆ.