ಜರ್ಮನಿಯ ಬಿಸಿಲು, ಗೋಪಾಳದ ತಾರಸಿ

ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸೋದು ನನ್ನ ಕೆಲಸ. ಮೇಲೆ ಹತ್ತಿದ ಮೇಲೆ ಮಾತಿಗೆ ಯಾರೂ ಸಿಗಲ್ಲ. ನಾನು, ಬಿಸಿಲು, ಯಾರೋ ಒಣಹಾಕಿದ ಹಪ್ಪಳ. ಸಂಜೆ ಮನೆಯಲ್ಲೂ ಅಷ್ಟೇ, ಬೀಗ ತೆಗೆಯೋನೂ ನಾನೇ, "ಬಂದ್ಯಾ?" ಅಂತ ಕೇಳ್ಕೊಳ್ಳೋನೂ ನಾನೇ. ಹಾಗಾಗಿ ಕೆಳಗಿಂದ ಯಾರಾದ್ರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಏಣಿ ಇಳಿದು ಬಂದು ಉತ್ತರ ಹೇಳ್ತೀನಿ. ಎಡವಟ್ಟೆಲ್ಲ ಆಗೋದು ಅಲ್ಲೇ. ವಾರಕ್ಕೊಂದಾದ್ರೂ ತಪ್ಪಲ್ಲ.

ಖುಷಿಯ ಪ್ಯಾನೆಲ್

ಗೋಪಾಳ ಬಡಾವಣೆಯಲ್ಲಿ ಒಬ್ಬರು ನಿವೃತ್ತ ಅಧಿಕಾರಿ. ಪೇಪರ್ ಪೂರ್ತಿ ಓದೋರು. "ಅಲ್ರೀ, ಜರ್ಮನಿಯಲ್ಲಿ ನಮ್ಮಷ್ಟು ಬಿಸಿಲೇ ಇಲ್ಲ. ಆದ್ರೂ ಅಲ್ಲಿ ಅಷ್ಟೊಂದು ಸೋಲಾರ್ ಹೇಗ್ರೀ?"

"ಅವರು ಬೇಗ ಶುರು ಮಾಡಿದ್ರು ಸಾರ್. ಸಿಕ್ಕಷ್ಟು ಬಿಸಿಲನ್ನೇ ಹಿಡೀತಾರೆ."

ಅವರು ಕನ್ನಡಕ ಒರೆಸಿ, ತುಂಬಾ ಯೋಚಿಸಿ ಹೇಳಿದರು: "ಹಾಗಾದ್ರೆ ನಮಗೆ ಜರ್ಮನಿಯಲ್ಲಿ ಬಳಸಿರೋ ಪ್ಯಾನೆಲ್ಲೇ ತರಿಸಿ. ಅಷ್ಟು ವರ್ಷ ಮೋಡದಲ್ಲಿದ್ದು ಬಂದಿರುತ್ತೆ. ಇಲ್ಲಿನ ಬಿಸಿಲು ನೋಡಿ ಎಷ್ಟು ಖುಷಿಯಾಗಿ ಕೆಲಸ ಮಾಡಬಹುದು!"

ಚೀನಾ ಯಾವ ಕಡೆ?

ಭದ್ರಾವತಿಯ ಒಬ್ಬ ಮೆಕ್ಯಾನಿಕ್ ಸಾಬರು ಗ್ಯಾರೇಜಿಗೆ ಪ್ಯಾನೆಲ್ ಹಾಕಿಸಿಕೊಂಡರು. ಪ್ಯಾಕಿಂಗ್ ಮೇಲೆ ಚೀನಾ ಅಂತ ಓದಿ ಕೇಳಿದರು: "ಅರೇ ಭಾಯ್, ಚೀನಾದೋರು ಪ್ರಪಂಚಕ್ಕೆಲ್ಲ ಸೋಲಾರ್ ಮಾರ್ತಾರೆ. ಕಲ್ಲಿದ್ದಲು ಸುಡೋದ್ರಲ್ಲೂ ಅವರೇ ಮುಂದೆ ಅಂತಾರೆ. ಹಂಗಾದ್ರೆ ಅವರು ಯಾವ ಕಡೆ?"

"ಎರಡೂ ಕಡೆ" ಅಂದೆ.

ಸಾಬರು ಬೀಡಿಯ ಹೊಗೆ ಬಿಟ್ಟು ತಲೆಯಾಡಿಸಿದರು. "ತಪ್ಪೇನಿಲ್ಲ ಬಿಡಿ. ನಾನೂ ಡಾಕ್ಟರ್ ಮಾತು ಕೇಳಿ ವಾಕಿಂಗ್ ಶುರು ಮಾಡಿದೀನಿ. ಬೀಡಿ ಸೇದ್ಕೊಂಡೇ ನಡೀತೀನಿ."

ಕೆಡದ ಮೀಟರ್

ಒಬ್ಬರು ಸಂಸ್ಕೃತ ಮೇಡಮ್ಮು, ರಿಟೈರ್ ಆದೋರು. ಮದುವೆ ಆದೋರಲ್ಲ. ಪ್ರತಿ ಗುರುವಾರ ಫೋನ್: "ನೀನು ಹಾಕಿದ ಸೋಲಾರ್ ಮೀಟರ್ ಓಡ್ತಿಲ್ಲ, ಬಾ." ಹೋಗಿ ನೋಡಿದರೆ ಚೆನ್ನಾಗೇ ಓಡ್ತಿರುತ್ತೆ. ಕಾಫಿ ಕೊಟ್ಟು ದೇಶವಿದೇಶದ ಸುದ್ದಿ ಕೇಳ್ತಾರೆ.

ಒಂದು ಸಲ ಹೇಳಿದೆ: "ಆಸ್ಟ್ರೇಲಿಯಾದಲ್ಲಿ ಬೀದಿಬೀದಿಯಲ್ಲೂ ಸೋಲಾರಂತೆ. ಆದ್ರೆ ನೆಲದಲ್ಲಿರೋ ಕಲ್ಲಿದ್ದಲನ್ನ ಹಡಗಿಗೆ ತುಂಬಿ ಬೇರೆ ದೇಶಕ್ಕೆ ಮಾರ್ತಾರೆ."

"ನಮ್ಮ ಪಕ್ಕದ ಮನೆಯಾಕೆ ಹೀಗೇ ಮಾರಾಯ" ಅಂದರು. "ಸಕ್ಕರೆ ಕಾಯಿಲೆ ಅಂತ ತಾನು ಮುಟ್ಟಲ್ಲ. ಮಾಡಿದ ಮೈಸೂರುಪಾಕೆಲ್ಲ ನಮ್ಮನೆಗೆ!"

ನಾಲ್ಕನೇ ಗುರುವಾರ ತಡೆಯಲಾರದೆ ಹೇಳಿಬಿಟ್ಟೆ. "ಮೇಡಂ, ಮೀಟರ್ ಕೆಟ್ಟೇ ಇಲ್ಲ."

"ಗೊತ್ತು. ಕೆಟ್ಟಿದೆ ಅನ್ನದೇ ಇದ್ರೆ ನೀನು ಬರ್ತೀಯಾ? ಕೂತ್ಕೋ, ಕಾಫಿ ಆರುತ್ತೆ."

ಮುಂದಿನ ಗುರುವಾರ ಫೋನ್ ಬರಲೇ ಇಲ್ಲ. ಮಧ್ಯಾಹ್ನದವರೆಗೆ ಕಾದೆ. ಆಮೇಲೆ ನಾನೇ ಮಾಡಿದೆ. "ಮೇಡಂ, ಮೀಟರ್ ಏನಾದ್ರೂ ಕೆಟ್ಟಿದೆಯಾ?"

ಆ ಕಡೆಯಿಂದ ನಗು. "ಪೂರ್ತಿ ನಿಂತೇಹೋಗಿದೆ. ಬೇಗ ಬಾ."

ಇಂಗ್ಲೆಂಡಿನವರು

ಸೋಲಾರಿಗೆ ಬರೋ ಮುಂಚೆ ನಾನು ಭದ್ರಾವತಿ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ದವನು. ಪಾಳಿಗೆ ಆರು ಜನ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದಾಡಿಕೊಂಡು ಒಟ್ಟಿಗೆ ಉಣ್ಣುತ್ತಿದ್ದೆವು. ಕಾರ್ಖಾನೆ ಮುಚ್ಚಿತು, ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಈಗ ಯಾರ ನಂಬರೂ ಹತ್ತಲ್ಲ.

ಈಚೆಗೆ ಆಯನೂರಿನ ಕಡೆಯ ಒಂದು ಶಾಲೆಗೆ ಪ್ಯಾನೆಲ್ ಹಾಕಿದೆ. ಅಲ್ಲಿನ ಟೀಚರ್ ಹಿಡಿದು ನಿಲ್ಲಿಸಿ, "ಬೇರೆ ಬೇರೆ ದೇಶದ ವಿಷಯ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಅಂದರು. ಹೇಳಿದೆ. ನಮ್ಮಲ್ಲಿ ಸೋಲಾರೂ ಬೆಳೀತಿದೆ, ಕಲ್ಲಿದ್ದಲೂ ಉರೀತಿದೆ. ಇಂಗ್ಲೆಂಡಿನಲ್ಲಿ ಮಾತ್ರ ಕಲ್ಲಿದ್ದಲಿನ ಕರೆಂಟು ಪೂರ್ತಿ ನಿಲ್ಲಿಸಿಬಿಟ್ಟರು ಅಂದೆ.

ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತಳು. "ಸಾರ್, ಅಲ್ಲಿ ಕಲ್ಲಿದ್ದಲು ಹಾಕ್ತಿದ್ದೋರು ಈಗ ಏನ್ಮಾಡ್ತಾರೆ?"

ಈ ಪ್ರಶ್ನೆಯನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಬೇರೆ ಕೆಲಸ ಕಲೀತಾರೆ ಪುಟ್ಟಿ. ಅದೇನು ಕಷ್ಟ ಅಲ್ಲ. ಒಬ್ಬನೇ ಕೂತು ಊಟದ ಡಬ್ಬಿ ಬಿಚ್ಚೋದು ಮಾತ್ರ ಬೇಗ ಅಭ್ಯಾಸ ಆಗಲ್ಲ. ಅಂಥೋನೊಬ್ಬ ಈಗ ನಿನ್ನ ಮುಂದೇನೇ ನಿಂತಿದಾನೆ."

ಟೀಚರ್ ಕಿಟಕಿ ಕಡೆ ತಿರುಗಿಕೊಂಡರು. ಹುಡುಗಿ ಕೂರಲಿಲ್ಲ, ನನ್ನನ್ನ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಾರ್, ನೀವು ಇಂಗ್ಲೆಂಡಿನೋರಾ? ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರ!"